ಬಂದರಿನ ಹೂಳು: ಎತ್ತೋದು ಸುಲಭ, ಕಾಯೋದು ಕಷ್ಟ

ಊರಲ್ಲಿ ಬೇಸಿಗೆಯಲ್ಲಿ ಕೆರೆ ಹೂಳೆತ್ತೋದನ್ನ ನಿಮ್ಮಲ್ಲಿ ಅನೇಕರು ನೋಡಿರ್ತೀರಿ. ಆ ಗೋಡು ಮಣ್ಣು ಹೊಲಕ್ಕೆ ಹೋಗುತ್ತೆ, ಬೆಳೆ ಚೆನ್ನಾಗಿ ಬರುತ್ತೆ. ಆದರೆ ಹೂಳು ಒಂದು ಹಳೆಯ ಕೈಗಾರಿಕಾ ಬಂದರಿನದ್ದಾದರೆ? ಇವತ್ತು ವಾಷಿಂಗ್ಟನ್ ಡಿಸಿಯಿಂದ ಸುಮಾರು ಒಂದು ಗಂಟೆ ದಾರಿಯಲ್ಲಿರೋ ಬಾಲ್ಟಿಮೋರ್‌ಗೆ ಹೋಗೋಣ.

ದೊಡ್ಡ ಹಡಗುಗಳು ಬರಬೇಕಂದ್ರೆ ಇಲ್ಲಿನ ಕಾಲುವೆ 50 ಅಡಿ ಆಳ ಇರಬೇಕು. ನದಿಗಳು ಮಣ್ಣು ತರೋದನ್ನ ನಿಲ್ಲಿಸಲ್ಲ, ಹಾಗಾಗಿ ಹೂಳೆತ್ತೋದೂ ನಿಲ್ಲಲ್ಲ. ಬಂದರಿನ ದಡದಲ್ಲಿ ನೂರಕ್ಕೂ ಹೆಚ್ಚು ವರ್ಷ ಕಾರ್ಖಾನೆಗಳಿದ್ದವು. ಸ್ಪ್ಯಾರೋಸ್ ಪಾಯಿಂಟ್‌ನ ಉಕ್ಕಿನ ಕಾರ್ಖಾನೆ ಮುಚ್ಚಿದ್ದು 2012ರಲ್ಲಿ. ಸತು, ಕ್ರೋಮಿಯಂನಂಥ ಲೋಹಗಳು ಮತ್ತು ಪಿಸಿಬಿ ಎಂಬ ರಾಸಾಯನಿಕಗಳು ನೀರಿನಲ್ಲಿ ಹೆಚ್ಚು ಹೊತ್ತು ಇರದೆ ನುಣ್ಣನೆಯ ಜೇಡಿ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತವೆ. ಅಮೆರಿಕದಲ್ಲಿ ಪಿಸಿಬಿ ತಯಾರಿಕೆಗೆ ನಿಷೇಧ ಬಂದದ್ದು 1979ರಲ್ಲಿ. ಆದರೂ ಬಾಲ್ಟಿಮೋರ್ ಬಂದರಿನ ಏಡಿಯ ಒಳಗಿರುವ ಹಳದಿ ಭಾಗವನ್ನು, ಅಂದರೆ ಅದರ ಜೀರ್ಣಗ್ರಂಥಿಯನ್ನು, ತಿನ್ನಬೇಡಿ ಅಂತ ಮೇರಿಲ್ಯಾಂಡ್ ರಾಜ್ಯ ಎಚ್ಚರಿಸುತ್ತೆ. ಪಿಸಿಬಿ ಅಲ್ಲಿ ಶೇಖರವಾಗುತ್ತೆ.

ಈ ಕಾರಣಕ್ಕೇ ಮೇರಿಲ್ಯಾಂಡ್ ಕಾನೂನು ನಕ್ಷೆಯ ಮೇಲೆ ಒಂದು ಗೆರೆ ಎಳೆದಿದೆ: ನಾರ್ತ್ ಪಾಯಿಂಟ್‌ನಿಂದ ರಾಕ್ ಪಾಯಿಂಟ್‌ವರೆಗೆ. ಅದರ ಒಳಗಿನ ಹೂಳನ್ನು ಚೆಸಪೀಕ್ ಕೊಲ್ಲಿಗೆ ಸುಮ್ಮನೆ ಸುರಿಯುವಂತಿಲ್ಲ, ಕಟ್ಟೆ ಕಟ್ಟಿ ಒಳಗೇ ಇಡಬೇಕು.

ಹೀಗೆ ಹುಟ್ಟಿದ್ದು ಹಾರ್ಟ್-ಮಿಲ್ಲರ್ ದ್ವೀಪ. ಸವೆಯುತ್ತಿದ್ದ ದ್ವೀಪಗಳನ್ನು ಸೇರಿಸಿ ಸುತ್ತ ಕಟ್ಟೆ ಹಾಕಿ, ಸುಮಾರು 1,100 ಎಕರೆಯ ಜಾಗ ಮಾಡಿದರು. 1984ರಿಂದ 2009ರ ಕೊನೆವರೆಗೆ ಹೂಳು ಇಲ್ಲಿಗೆ ಬಂತು. ಅಕ್ಕಪಕ್ಕದ ಜನ ಮೊದಲಿನಿಂದಲೂ ವಿರೋಧಿಸಿದ್ದರು. ಅದಕ್ಕಾಗಿ ನಾಗರಿಕರ ಮೇಲ್ವಿಚಾರಣಾ ಸಮಿತಿಯೂ ಬಂತು, ಕಟ್ಟೆಯ ಹೊರಗಿನ ಪರಿಸರವನ್ನು ಪ್ರತಿವರ್ಷ ಅಳೆಯುವ ಕಾರ್ಯಕ್ರಮವೂ ಬಂತು. ಇಲ್ಲಿ ಗಮನಿಸಬೇಕಾದ್ದು, ಅಳತೆ ಶುರುವಾದದ್ದು 1981ರಲ್ಲಿ, ಹೂಳು ಬರೋಕೆ ಮುಂಚೆಯೇ. ಹಾಗಾಗಿ ಹೋಲಿಸೋಕೆ 'ಮೊದಲು ಹೇಗಿತ್ತು' ಅನ್ನೋ ಲೆಕ್ಕ ಕೈಯಲ್ಲಿತ್ತು.

ಏನನ್ನು ಅಳೆಯುತ್ತಿದ್ದರು? ಮೂರು ಸಂಗತಿ. ತಳದ ಮಣ್ಣಿನ ರಸಾಯನ, ಆ ಮಣ್ಣಿನಲ್ಲಿ ಬದುಕುವ ಹುಳು ಮತ್ತು ಚಿಪ್ಪಿನ ಜೀವಿಗಳ ಸಮುದಾಯ, ಮತ್ತು ರಾಂಜಿಯಾ ಎಂಬ ಕಪ್ಪೆಚಿಪ್ಪಿನ ಮಾಂಸದಲ್ಲಿ ಸೇರಿದ ವಿಷ. ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಮಣ್ಣಲ್ಲಿ ಲೋಹ ಇದ್ದ ಮಾತ್ರಕ್ಕೆ ಅದು ಜೀವಿಯೊಳಗೆ ಹೋಗಿದೆ ಅಂತಲ್ಲ. ಜೀವಿಗಳು ಕಡಿಮೆಯಾದ ಮಾತ್ರಕ್ಕೆ ಲೋಹವೇ ಕಾರಣ ಅಂತಲೂ ಅಲ್ಲ, ಆ ವರ್ಷ ನೀರಿನ ಉಪ್ಪಿನಂಶ ಬದಲಾಗಿರಬಹುದು.

ಐದು ವರ್ಷ ಏನೂ ವಿಶೇಷ ಇಲ್ಲ. 1989ರಲ್ಲಿ ಕಟ್ಟೆಯ ಹೊರಗಿನ ಮಣ್ಣಿನಲ್ಲಿ ಸತು ಏರಿದ್ದು ಕಂಡಿತು. ವಿಚಿತ್ರ ಏನಂದ್ರೆ, ಒಳಗಿನಿಂದ ಕೊಲ್ಲಿಗೆ ಹೆಚ್ಚು ನೀರು ಬಿಟ್ಟಾಗಲ್ಲ, ಕಡಿಮೆ ಬಿಟ್ಟಾಗಲೇ ಸತು ಹೆಚ್ಚುತ್ತಿತ್ತು! ದಿನಕ್ಕೆ 1 ಕೋಟಿ ಗ್ಯಾಲನ್‌ಗಿಂತ ಕಡಿಮೆ ಹರಿವಿದ್ದಾಗ.

ಯಾಕೆ ಹೀಗೆ? ಬಂದರಿನ ತಳದಲ್ಲಿ ಆಮ್ಲಜನಕ ಇರಲ್ಲ. ಅಲ್ಲಿ ಸತು ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಬೀಗ ಹಾಕಿದಂತೆ ಕೂತಿರುತ್ತೆ. ಹೂಳೆತ್ತಿ ಒಣಗೋಕೆ ಬಿಟ್ಟಾಗ ಗಾಳಿ ಒಳಗೆ ಹೋಗುತ್ತೆ, ಸಲ್ಫೈಡ್ ಒಡೆದು ಗಂಧಕಾಮ್ಲ ಹುಟ್ಟುತ್ತೆ. ಆ ಆಮ್ಲ ಸತುವನ್ನು ಕರಗಿಸಿ ಬಿಡಿಸುತ್ತೆ. ನೀರು ತುಂಬ ಇದ್ದರೆ ಮಣ್ಣು ಮುಚ್ಚಿರುತ್ತೆ. ಕಡಿಮೆ ಇದ್ದರೆ ಮಣ್ಣು ಬಿರುಕು ಬಿಟ್ಟು, ಮಳೆ ಬಂದಾಗ ಆಮ್ಲೀಯ ನೀರು ಸೋರುತ್ತೆ. ಅಂದರೆ ಅಪಾಯ ಹೂಳು ಸುರಿಯುವ ಗಲಾಟೆಯ ದಿನಗಳಲ್ಲಷ್ಟೇ ಇರಲಿಲ್ಲ, ಎಲ್ಲ ಮುಗಿದು ಸದ್ದಿಲ್ಲದೆ ಒಣಗುವ ತಿಂಗಳುಗಳಲ್ಲೂ ಇತ್ತು. ಎರಡು ವರ್ಷ ನೋಡಿ 'ಎಲ್ಲ ಸರಿಯಿದೆ' ಅಂತ ಕಡತ ಮುಚ್ಚಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಎತ್ತುವಾಗಲೂ ಕಣ್ಣಿಡಬೇಕು. ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ 2009ರಲ್ಲಿ ಪಿಸಿಬಿ ಹೂಳೆತ್ತುವಾಗ ನೀರಿನಲ್ಲಿ ಪಿಸಿಬಿ ನಿಗದಿತ ಮಿತಿ ದಾಟಿತು, ಕೆಲಸ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನಮ್ಮ ಪ್ರಕಾರ ಅದು ಸೋಲಲ್ಲ. ಯಾವ ಸಂಖ್ಯೆ ದಾಟಿದರೆ ಯಂತ್ರ ನಿಲ್ಲಬೇಕು ಅಂತ ಮೊದಲೇ ಬರೆದಿಟ್ಟಿದ್ದರಿಂದಲೇ ಯಂತ್ರ ನಿಂತಿತು.

ಇದೆಲ್ಲ ಈಗ ಯಾಕೆ ಹೇಳ್ತಿದ್ದೀವಿ ಅಂದ್ರೆ, ಅದೇ ಸ್ಪ್ಯಾರೋಸ್ ಪಾಯಿಂಟ್‌ನಲ್ಲಿ ಹೊಸ ಕಂಟೇನರ್ ಟರ್ಮಿನಲ್‌ಗಾಗಿ ಸುಮಾರು 42 ಲಕ್ಷ ಘನ ಗಜ ಹೂಳೆತ್ತುವ ಯೋಜನೆ ಮುಂದೆ ಬಂದಿದೆ. ಬಂದರು ಬೇಕೇ ಬೇಕು, ಸಾವಿರಾರು ಮನೆಗಳ ಅನ್ನ ಅದು. ಅಲ್ಲೇ ಮೀನು ಹಿಡಿದು ತಿನ್ನುವ ಮನೆಗಳೂ ಇವೆ.

ಹಾಗಾಗಿ ನೀವು ಬಾಲ್ಟಿಮೋರ್‌ನಲ್ಲಿರಿ, ಚಾರ್ಲ್ಸ್‌ಟನ್‌ನಲ್ಲಿರಿ, ಮಂಗಳೂರಿನಲ್ಲಿರಿ, ಹೂಳೆತ್ತುವ ಯೋಜನೆಯ ಸಾರ್ವಜನಿಕ ಸಭೆಗೆ ಹೋದರೆ ನಾಲ್ಕು ಪ್ರಶ್ನೆ ಕೇಳಿ. ಕೆಲಸಕ್ಕೆ ಮುಂಚಿನ ಅಳತೆ ಇದೆಯಾ? ಯಾವ ಸಂಖ್ಯೆಗೆ ಕೆಲಸ ನಿಲ್ಲುತ್ತೆ? ಒಣಗುವ ಹೂಳನ್ನು ಎಷ್ಟು ವರ್ಷ ನೋಡ್ತೀರಿ? ಅದರ ಖರ್ಚು ಯಾರದ್ದು?

ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ.