ಈರುಳ್ಳಿ ರಕ್ತಕ್ಕೆ ಇಳಿಯುವ ದಾರಿ

ಬಂಗಾರಪೇಟೆಯ ಪಾನಿಪುರಿಯ ನೀರಿಗೆ ಬಣ್ಣವಿಲ್ಲ. ಮೊದಲ ಸಲ ನೋಡಿದವರು ಬರೀ ನೀರು ಕೊಟ್ಟರೇನೋ ಅಂದುಕೊಳ್ಳುತ್ತಾರೆ, ಬಾಯಿಗಿಟ್ಟ ಮೇಲೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಮಗೀಗ ಬೇಕಾದದ್ದು ಆ ಪಾನಿಯಲ್ಲ, ಜೊತೆಗೆ ಉದುರಿಸಿ ಕೊಡುವ ಹೆಚ್ಚಿದ ಈರುಳ್ಳಿ. ಫ್ಲೇವನಾಯ್ಡ್ ಎಂಬ ಸಸ್ಯ ರಾಸಾಯನಿಕಗಳ ದೊಡ್ಡ ಬಳಗದಲ್ಲಿ ಕ್ವೆರ್ಸೆಟಿನ್ ಎಂಬುದೊಂದಿದೆ. ನಮ್ಮ ಅಡುಗೆಮನೆಯಲ್ಲಿ ಅದು ಧಾರಾಳವಾಗಿ ಸಿಗುವುದು ಈರುಳ್ಳಿಯಲ್ಲೇ, ಅದರಲ್ಲೂ ನಾವು ಸುಲಿದು ಎಸೆಯುವ ಹೊರ ಪದರಗಳಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಗೆ ಬಣ್ಣ ಕೊಡುವ ಆಂಥೋಸಯನಿನ್ ಕೂಡ ಇದೇ ಬಳಗದ್ದು. ಟೊಮೆಟೊ ಸಿಪ್ಪೆಯಲ್ಲಿ, ರಾಗಿಯ ಕೆಂಪು ಹೊಟ್ಟಿನಲ್ಲಿ, ಟೀ ಸೊಪ್ಪಿನಲ್ಲಿ ಇದರ ದಾಯಾದಿಗಳಿದ್ದಾರೆ.

ಗಿಡ ಇವನ್ನೆಲ್ಲ ತಯಾರಿಸಿಕೊಳ್ಳುವುದು ತನ್ನ ರಕ್ಷಣೆಗೆ: ಬಿಸಿಲಿನ ನೇರಳಾತೀತ ಕಿರಣ, ಹುಳು, ಬೂಷ್ಟು ತಡೆಯಲಿಕ್ಕೆ. ಮನುಷ್ಯನ ಆರೋಗ್ಯ ಅದರ ಲೆಕ್ಕದಲ್ಲಿಲ್ಲ. 1936ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ಮತ್ತು ಸಂಗಡಿಗರು ಇವಕ್ಕೆ 'ವಿಟಮಿನ್ ಪಿ' ಎಂದು ಹೆಸರಿಟ್ಟಿದ್ದರು. ಆದರೆ ಇವು ಸಿಗದೆ ಹೋದರೆ ಇಂಥ ಕಾಯಿಲೆ ಬರುತ್ತದೆ ಎಂದು ಯಾರೂ ತೋರಿಸಲಾಗಲಿಲ್ಲ, ಆ ಹೆಸರು ಬಿದ್ದುಹೋಯಿತು. ನಮ್ಮ ದೇಹ ಫ್ಲೇವನಾಯ್ಡನ್ನು ಕಾಣುವುದು ಅನ್ನದಂತಲ್ಲ, ನುಂಗಿದ ಮಾತ್ರೆಯಂತೆ. ಒಳಗೆ ಬಂದದ್ದಕ್ಕೆ ಗುರುತು ಹಚ್ಚಿ ಹೊರಗೆ ಕಳಿಸುವುದೇ ಅದರ ಕೆಲಸ.

ಒಳಗೆ ಬರುವುದೂ ಸುಲಭವಲ್ಲ. ಈರುಳ್ಳಿಯ ಕ್ವೆರ್ಸೆಟಿನ್ ಒಂದೋ ಎರಡೋ ಗ್ಲೂಕೋಸ್ ಕಣಗಳಿಗೆ ಅಂಟಿಕೊಂಡೇ ಇರುತ್ತದೆ. ಸಕ್ಕರೆ ಅಂಟಿದ್ದರೆ ನೀರಲ್ಲಿ ಕರಗುತ್ತದೆ, ಆದರೆ ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟಲಾಗುವುದಿಲ್ಲ. ಆ ಸಕ್ಕರೆಯನ್ನು ಕತ್ತರಿಸುವ ಕಿಣ್ವ ಸಣ್ಣ ಕರುಳಿನ ಒಳಗೋಡೆಯ ಮೇಲಿದೆ. ಅದು ಬೇರೆ ಯಾವುದೂ ಅಲ್ಲ, ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್! ದಕ್ಷಿಣ ಭಾರತದಲ್ಲಿ ಬೆಳೆದ ಮೇಲೆ ಈ ಕಿಣ್ವ ಕಡಿಮೆಯಾಗುವವರು ಬಹಳ ಮಂದಿ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರು ಇವರೇ. ಅವರಿಗೆ ಈರುಳ್ಳಿಯೂ ದಕ್ಕುವುದಿಲ್ಲ ಅಂತಲ್ಲ. ಕರುಳಿನ ಕೋಶದೊಳಗೇ ಇದೇ ಕೆಲಸ ಮಾಡುವ ಇನ್ನೊಂದು ಕಿಣ್ವ ಇದೆ.

ಯಾವ ಸಕ್ಕರೆ ಅಂಟಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. 1995ರಲ್ಲಿ ನೆದರ್ಲೆಂಡ್ಸ್‌ನ ಪೀಟರ್ ಹಾಲ್ಮನ್ ತಂಡ ದೊಡ್ಡ ಕರುಳನ್ನು ತೆಗೆಸಿಕೊಂಡಿದ್ದ 9 ಮಂದಿಯ ಮೇಲೆ ಇದನ್ನು ಅಳೆಯಿತು. ಸಣ್ಣ ಕರುಳಿನಿಂದ ಹೊರಬಂದದ್ದನ್ನು ತಿಂದದ್ದರಿಂದ ಕಳೆದರು. ಈರುಳ್ಳಿಯ ಕ್ವೆರ್ಸೆಟಿನ್‌ನಲ್ಲಿ ಶೇ. 52ರಷ್ಟು ದೇಹ ಸೇರಿತ್ತು. ಸಕ್ಕರೆಯೇ ಇಲ್ಲದ ಶುದ್ಧ ಕ್ವೆರ್ಸೆಟಿನ್ ಕೊಟ್ಟಾಗ ಶೇ. 24 ಮಾತ್ರ. ಮೆಡಿಕಲ್ ಅಂಗಡಿಯ ಡಬ್ಬಿಗಿಂತ ತಳ್ಳುಗಾಡಿಯ ಈರುಳ್ಳಿ ಮೇಲು ಎಂದು ಇಷ್ಟರಿಂದಲೇ ತೀರ್ಪು ಕೊಡಲು ಬಾರದು, ಆದರೆ ನನಗೆ ಆ ಆಸೆ ಇದೆ. ಕ್ವೆರ್ಸೆಟಿನ್‌ಗೆ ರ‍್ಯಾಮ್ನೋಸ್ ಎಂಬ ಸಕ್ಕರೆಯೂ ಸೇರಿಕೊಂಡ ರೂಪವಾದ ರೂಟಿನ್‌ನದು ಶೇ. 17. ಆ ತಂಡದ್ದೇ ಮುಂದಿನ ಅಳತೆಯಲ್ಲಿ ಈರುಳ್ಳಿ ತಿಂದ ಸುಮಾರು 40 ನಿಮಿಷಕ್ಕೆ ರಕ್ತದಲ್ಲಿ ಕ್ವೆರ್ಸೆಟಿನ್ ಅಂಶ ತುತ್ತತುದಿ ಮುಟ್ಟಿತು. ಬಂಗಾರಪೇಟೆಯಲ್ಲಿ ತಿಂದು ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್ ಕಡೆಯ ರೈಲುಗಾಡಿ ಹತ್ತಿದವರು ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಇಳಿಯುವ ಹೊತ್ತು ಅಂದುಕೊಳ್ಳಿ. ರೂಟಿನ್‌ಗೆ ಬೇಕಾದದ್ದು 9 ಗಂಟೆ.

ರಕ್ತದಲ್ಲಿ ಸಿಕ್ಕಿದ್ದಾದರೂ ಏನು? ಈರುಳ್ಳಿಯಲ್ಲಿದ್ದ ರೂಪವಂತೂ ಅಲ್ಲ. ಕರುಳಿನ ಗೋಡೆ ದಾಟುತ್ತಿರುವಾಗಲೇ, ಆಮೇಲೆ ಪಿತ್ತಜನಕಾಂಗದಲ್ಲಿ, ಕ್ವೆರ್ಸೆಟಿನ್‌ಗೆ ಗ್ಲುಕುರೊನಿಕ್ ಆಮ್ಲವನ್ನೋ ಸಲ್ಫೇಟನ್ನೋ ಮೀಥೈಲ್ ಗುಂಪನ್ನೋ ದೇಹ ಕಟ್ಟಿಬಿಡುತ್ತದೆ. ಒಂದಷ್ಟನ್ನು ಕರುಳಿನ ಕೋಶಗಳೇ ಮತ್ತೆ ಕರುಳಿಗೆ ತಳ್ಳುತ್ತವೆ, ಒಂದಷ್ಟು ಪಿತ್ತರಸದ ಜೊತೆ ವಾಪಸಾಗುತ್ತದೆ, ಉಳಿದದ್ದನ್ನು ಮೂತ್ರಪಿಂಡ ಸೋಸಿ ಹಾಕುತ್ತದೆ. ಬರಿಯ ಕ್ವೆರ್ಸೆಟಿನ್ ರಕ್ತದಲ್ಲಿ ಸಿಗುವುದೇ ಅಪರೂಪ. ಆದರೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೋಶಗಳ ಮೇಲೆ ಬರಿಯ ಕ್ವೆರ್ಸೆಟಿನ್ ಸುರಿದು, ಅದೂ ರಕ್ತದಲ್ಲಿ ಎಂದೂ ಕಾಣದ ಪ್ರಮಾಣದಲ್ಲಿ ಸುರಿದು, ಕ್ಯಾನ್ಸರ್ ಕೋಶ ಸತ್ತಿತು ಎಂದು ಬರೆದ ಸುದ್ದಿಗಳಿಗೆ ಲೆಕ್ಕವಿಲ್ಲ. ಯಾವ ಹಣ್ಣಿನಲ್ಲಿ ಎಷ್ಟು 'ಆಂಟಿಆಕ್ಸಿಡೆಂಟ್ ಶಕ್ತಿ' ಎಂದು ಗಾಜಿನ ನಳಿಕೆಯಲ್ಲಿ ಅಳೆದು ಮಾಡಿದ್ದ ಓರ್ಯಾಕ್ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡಿತು. ನಮ್ಮ ಜಾಹೀರಾತುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹಾಗಾದರೆ ರಕ್ತ ಸೇರದ್ದೆಲ್ಲ ದಂಡವೇ? ಕೆಜಿಎಫ್‌ನ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಚಿನ್ನ ತೆಗೆದಾಯಿತು ಎಂದು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಊರ ತುಂಬ ನಿಂತಿವೆ, ಅದರಲ್ಲಿ ಇನ್ನೂ ಚಿನ್ನವಿದೆ ಎಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತಲೇ ಇದ್ದಾರೆ. ದೊಡ್ಡ ಕರುಳಿಗೆ ಇಳಿದ ಫ್ಲೇವನಾಯ್ಡ್ ವಿಚಾರದಲ್ಲೂ ಹೀಗೇ ಆಯಿತು. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ರ‍್ಯಾಮ್ನೋಸ್ ಬಿಡಿಸುವುದು ಗೊತ್ತು, ಕ್ವೆರ್ಸೆಟಿನ್‌ನ ಉಂಗುರವನ್ನೇ ಒಡೆದು ಸಣ್ಣ ಫಿನಾಲಿಕ್ ಆಮ್ಲಗಳನ್ನು ಮಾಡುವುದೂ ಗೊತ್ತು. ಆ ತುಣುಕುಗಳು ರಕ್ತ ಸೇರುತ್ತವೆ. ಆಂಥೋಸಯನಿನ್ ದೇಹಕ್ಕೆ ಶೇ. 1ರಷ್ಟೂ ಹತ್ತುವುದಿಲ್ಲ ಎಂದು ಬಹುಕಾಲ ನಂಬಿದ್ದರು. 2013ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಗುರುತಿನ ಇಂಗಾಲ ಸೇರಿಸಿದ ಆಂಥೋಸಯನಿನ್ ತಿನ್ನಿಸಿ ನೋಡಿದರೆ, ಸುಮಾರು ಶೇ. 12ರಷ್ಟು ಇಂಗಾಲ ಮೂತ್ರದಲ್ಲೂ ಉಸಿರಿನಲ್ಲೂ ಸಿಕ್ಕಿತು. ಮೂಲರೂಪವನ್ನೇ ಹುಡುಕುತ್ತಿದ್ದವರಿಗೆ ತುಣುಕುಗಳು ಕಂಡಿರಲಿಲ್ಲ. ಯಾರ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂಬುದರ ಮೇಲೆ ಈ ಫಸಲು ಬದಲಾಗುತ್ತದೆ. ಸೋಯಾದ ಒಂದು ಫ್ಲೇವನಾಯ್ಡನ್ನು ಈಕ್ವಾಲ್ ಎಂಬ ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಕೆಲವರಲ್ಲಿವೆ, ಕೆಲವರಲ್ಲಿ ಇಲ್ಲವೇ ಇಲ್ಲ.

ಅಡುಗೆಯ ಮಾತು. ಸಕ್ಕರೆ ಅಂಟಿದ ಫ್ಲೇವನಾಯ್ಡ್‌ಗಳು ಕುದಿಗೆ ಅಷ್ಟಾಗಿ ಹಾಳಾಗುವುದಿಲ್ಲ, ಬೇಯಿಸಿದ ನೀರಿಗೆ ಇಳಿಯುತ್ತವೆ. ನೀರು ಬಸಿದು ಚೆಲ್ಲುವ ಮನೆಯಲ್ಲಿ ಅಷ್ಟೂ ಮೋರಿಗೆ. ಕೋಲಾರದ ಕಡೆ ಸೊಪ್ಪು, ಕಾಳು ಬೇಯಿಸಿದ ಕಟ್ಟಿನಲ್ಲೇ ಬಸ್ಸಾರು ಮಾಡುತ್ತಾರಲ್ಲ, ಅಲ್ಲಿ ಅದು ತಟ್ಟೆಗೇ ಬರುತ್ತದೆ.

ಬಸ್ಸಾರಿನ ಜೊತೆಗಿನ ಮುದ್ದೆಯ ಕಥೆ ಬೇರೆ. ಕೆಂಪು ರಾಗಿಯ ಹೊಟ್ಟಿನಲ್ಲಿ ಫ್ಲೇವನಾಯ್ಡ್‌ಗಳು ಸರಪಣಿಯಾಗಿ ಹೆಣೆದುಕೊಂಡ ಟ್ಯಾನಿನ್ ಇದೆ. ದೊಡ್ಡ ಸರಪಣಿಗಳು ಕರುಳಿನ ಗೋಡೆ ದಾಟುವುದಿಲ್ಲ, ಆದರೂ ಸುಮ್ಮನಿರುವುದಿಲ್ಲ: ಕರುಳಿನಲ್ಲೇ ಕಬ್ಬಿಣದ ಅಂಶವನ್ನು ಹಿಡಿದು ಕೂರುತ್ತವೆ. ಟೀಯದೂ ಅದೇ ಗುಣ. ಊಟದ ಬೆನ್ನಿಗೇ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ದೇಹಕ್ಕೆ ಹತ್ತುವುದು ಚೆನ್ನಾಗಿಯೇ ತಗ್ಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೂ ಟೀಗೂ ಒಂದು ಗಂಟೆ ಬಿಡುವು ಕೊಟ್ಟರೆ ಈ ನಷ್ಟ ಕಡಿಮೆ. ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ವಿಟಮಿನ್ ಸಿ ಕಬ್ಬಿಣವನ್ನು ಟ್ಯಾನಿನ್ ಕೈಗೆ ಸಿಗದಂತೆ ಒಂದಷ್ಟು ಬಿಡಿಸಿಕೊಡುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಯುವಾಗ ಹಿಂಡಿದರೆ ಆ ವಿಟಮಿನ್ ಒಂದಷ್ಟು ಹಾಳಾಗುತ್ತದೆ.