ರಾದ್ಧಾಂತ ಎಂದರೆ ಜಗಳವೇ?

ಮದುವೆಮನೆಯಲ್ಲಿ ಬೀಗರಿಗೆ ಎರಡನೆಯ ಸಲ ಹೋಳಿಗೆ ಬಡಿಸಲಿಲ್ಲವೆಂದು ಮಾತಿಗೆ ಮಾತು ಬೆಳೆದು, ಯಾರೋ ಯಾರದೋ ಕೊರಳಪಟ್ಟಿ ಹಿಡಿದರು ಎನ್ನಿ. ಮರುದಿನ ಅದನ್ನು ‘ಜಗಳವಾಯಿತು’ ಎಂದು ಹೇಳಿದರೆ ಸಪ್ಪೆ. ‘ಅಯ್ಯೋ, ದೊಡ್ಡ ರಾದ್ಧಾಂತವೇ ಆಗಿಹೋಯಿತು’ ಎಂದಾಗಲೇ ಕೇಳುವವರು ಹತ್ತಿರ ಸರಿದು ಕೂರುವುದು.

ಪದ ಸಂಸ್ಕೃತದ್ದು. ಆದರೆ ಅಲ್ಲಿ ಇದಕ್ಕೂ ಹೊಡೆದಾಟಕ್ಕೂ ಸಂಬಂಧವಿಲ್ಲ. ‘ರಾಧ್’ ಧಾತುವಿಗೆ ಸಾಧಿಸು, ನೆರವೇರಿಸು ಎಂಬ ಅರ್ಥವಿದೆ. ‘ಆರಾಧನೆ’ಯೂ ಅದರಿಂದಲೇ ಬಂದದ್ದು. ‘ರಾದ್ಧ’ ಎಂದರೆ ಸಾಧಿತವಾದದ್ದು. ಪೂರ್ವಪಕ್ಷವನ್ನು ಖಂಡಿಸಿ ಕೊನೆಗೆ ಸ್ಥಾಪಿಸಿದ ನಿರ್ಣಯವೇ ರಾದ್ಧಾಂತ. ಸಿದ್ಧಾಂತ, ರಾದ್ಧಾಂತ ಎರಡೂ ಒಂದೇ ಎಂದು ಅಮರಕೋಶ ಹೇಳುತ್ತದೆ. ಅಂದರೆ ವಾದ ತೀರಿದ ಸ್ಥಿತಿಗೆ ಇದ್ದ ಹೆಸರು ನಮ್ಮಲ್ಲಿ ಜಗಳಕ್ಕೇ ಅಂಟಿಕೊಂಡಿದೆ!

ಹೀಗೇಕಾಯಿತು? ಪಂಡಿತರ ವಾದವನ್ನು ಹೊರಗೆ ನಿಂತು ಕೇಳಿದವರಿಗೆ ನಿರ್ಣಯ ತಿಳಿಯದೆ ಅಬ್ಬರ ಮಾತ್ರ ಕೇಳಿಸಿರಬೇಕು. ಇದು ನನ್ನ ಊಹೆ ಅಷ್ಟೆ. ‘ಅವಾಂತರ’ದ ಕಥೆಯೂ ಇಂಥದೇ. ಸಂಸ್ಕೃತದಲ್ಲಿ ಅದು ‘ನಡುವಿನದು, ಒಳಗಿನದು’, ಕನ್ನಡದಲ್ಲಿ ಎಡವಟ್ಟು. ‘ನಿನ್ನ ಪುರಾಣ ಸಾಕು’, ‘ಅವನ ಪ್ರವರ ಯಾರಿಗೆ ಬೇಕು’ ಎನ್ನುವ ಜನ ಶಾಸ್ತ್ರದ ಮಾತುಗಳನ್ನು ಹಿತ್ತಲಿಗೆ ಎಳೆದು ತಂದಿದ್ದಾರೆ. ಇದನ್ನು ಅಪಪ್ರಯೋಗವೆಂದು ತಿದ್ದಹೊರಡುವುದು ವ್ಯರ್ಥ.

ತಿದ್ದಬೇಕಾದದ್ದು ಬೇರೆ ಇದೆ. ರಾದ್ಧಾಂತದಲ್ಲಿ ಕಾರಣ ಸಣ್ಣದು, ಸದ್ದು ದೊಡ್ಡದು. ‘ಗಲಾಟೆ’ ಇನ್ನೂ ಸಲಿಗೆಯ ಮಾತು. ಮಕ್ಕಳೂ ಗಲಾಟೆ ಮಾಡುತ್ತಾರೆ, 1977ರಲ್ಲಿ ‘ಗಲಾಟೆ ಸಂಸಾರ’ ಎಂಬ ಚಲನಚಿತ್ರವೇ ಬಂದಿತ್ತು. ‘ದೊಂಬಿ ಸಂಸಾರ’ ಎಂದು ಯಾರೂ ಹೆಸರಿಡಲಾರರು. ಏಕೆಂದರೆ ದೊಂಬಿ ಕಾನೂನಿನ ಪದ. ಐದು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ, ಎಲ್ಲರ ಸಮಾನ ಉದ್ದೇಶಕ್ಕಾಗಿ ಒಬ್ಬ ಕೈಮಾಡಿದರೂ ಪ್ರತಿಯೊಬ್ಬನೂ ದೊಂಬಿಯ ಅಪರಾಧಿ. ಹಿಂದೆ ಭಾರತೀಯ ದಂಡ ಸಂಹಿತೆಯ 146, 147ನೆಯ ಕಲಮುಗಳಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 191ನೆಯ ಕಲಮಿನಲ್ಲಿದೆ. ಶಿಕ್ಷೆ ಎರಡು ವರ್ಷದವರೆಗೆ. ಮಾರಕಾಸ್ತ್ರ ಹಿಡಿದಿದ್ದರೆ ಐದು ವರ್ಷದವರೆಗೆ.

ಆದ್ದರಿಂದ ಹೋಳಿಗೆಯ ಜಗಳ ಠಾಣೆಯ ಕಾಗದದಲ್ಲಿ ದೊಂಬಿಯಾದರೆ, ಬಿಡಿಸಲು ಹೋದ ಸೋದರಮಾವನೂ ಕೋರ್ಟಿಗೆ ಅಲೆಯಬೇಕಾದೀತು. ಗುಂಪು ಕಟ್ಟಿಕೊಂಡು ಬಂದು ಒಬ್ಬನ ತಲೆ ಒಡೆದದ್ದನ್ನು ರಾದ್ಧಾಂತವೆಂದು ಬರೆದರೆ ಪೆಟ್ಟು ತಿಂದವನಿಗೆ ಅನ್ಯಾಯ.

ಅಂದಹಾಗೆ, ಬರೆಯುವಾಗ ದಕಾರಕ್ಕೆ ಧಕಾರದ ಒತ್ತು ಕೊಡಬೇಕು. ‘ರಾದ್ದಾಂತ’ ಎಂದು ಬರೆಯುವವರೇ ಈಗ ಹೆಚ್ಚು. ಅದಕ್ಕಾಗಿ ನಾನೇನೂ ರಾದ್ಧಾಂತ ಎಬ್ಬಿಸುವುದಿಲ್ಲ.