ಬುದ್ಧಿಹಲ್ಲಿನ ಶಸ್ತ್ರಕ್ರಿಯೆ ಮತ್ತು ಉಪಕರಣಗಳ ಆಯ್ಕೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಬುದ್ಧಿಹಲ್ಲಿನ ಪಾಡು ಈ ಗಾದೆಗಿಂತಲೂ ವಿಚಿತ್ರ. ಇಲ್ಲಿ ಹಲ್ಲೂ ಉಂಟು, ಕಡಲೆಯೂ ಉಂಟು. ಇಲ್ಲದಿರುವುದು ಆ ಹಲ್ಲು ಮೇಲೇಳಲು ಬೇಕಾದ ಸ್ಥಳ ಮಾತ್ರ. ಹದಿನೇಳರಿಂದ ಇಪ್ಪತ್ತೈದರ ವಯಸ್ಸಿನೊಳಗೆ, ಅಂದರೆ ಮನುಷ್ಯನಿಗೆ ತಿಳಿವಳಿಕೆ ಬರುವ ಕಾಲದಲ್ಲಿ, ದವಡೆಯ ನಾಲ್ಕು ತುದಿಗಳಲ್ಲಿ ಒಂದೊಂದರಂತೆ ಮೂಡುವುದರಿಂದ ಇದಕ್ಕೆ ಬುದ್ಧಿಹಲ್ಲೆಂಬ ಹೆಸರು ಬಂದಿದೆ. ಉಳಿದ ಇಪ್ಪತ್ತೆಂಟು ಹಲ್ಲುಗಳು ಮೊದಲೇ ಬಂದು ನೆಲೆಯೂರಿರುವುದರಿಂದ ಕಡೆಗೆ ಬರುವ ಈ ಹಲ್ಲಿಗೆ ಅನೇಕರ ದವಡೆಯಲ್ಲಿ ಜಾಗ ಸಾಲದು. ಆಗ ಅದು ಅರ್ಧ ಮೂಡಿಯೋ, ಓರೆಯಾಗಿಯೋ, ಎಲುಬಿನೊಳಗೇ ಹೂತುಕೊಂಡೋ ನಿಂತುಬಿಡುತ್ತದೆ. ಇಂತಹ ಹಲ್ಲನ್ನು ತೆಗೆಯುವ ಶಸ್ತ್ರಕ್ರಿಯೆಗೆ ಯಾವ ಉಪಕರಣಗಳು ಬೇಕು, ಅವುಗಳನ್ನು ಯಾವ ವಿಚಾರದಿಂದ ಆರಿಸಬೇಕು ಎಂಬುದನ್ನು ಸಾಮಾನ್ಯ ವಾಚಕರಿಗೂ, ಮುಂದೆ ವೈದ್ಯಕೀಯ ಶಿಕ್ಷಣ ಪಡೆಯಲಿರುವ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನರ ತಿಳಿವಳಿಕೆ

ಈ ಬೇನೆ ಹೊಸದಲ್ಲ. ದವಡೆಯ ಕಡೆಯ ಹಲ್ಲಿನ ಬಳಿ ದೊಡ್ಡ ಊತ, ತೀವ್ರವಾದ ನೋವು ಮತ್ತು ಜೊಲ್ಲು ಸುರಿಯುವಿಕೆ ಇರುವ ರೋಗವನ್ನು ಸುಶ್ರುತ ಸಂಹಿತೆಯು ‘ಅಧಿಮಾಂಸಕ’ ಎಂದು ಹೆಸರಿಸಿದೆ. ಅರ್ಧ ಮೂಡಿದ ಬುದ್ಧಿಹಲ್ಲಿನ ಮೇಲೆ ಮುಚ್ಚಿದ ಒಸಡು ಕೆರಳಿ ಬಾಯುವ ಇಂದಿನ ರೋಗವನ್ನೇ ಅದು ಹೋಲುತ್ತದೆ. ಅದೇ ಗ್ರಂಥವು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಎಣಿಸುತ್ತದೆ. ‘ದಂತಶಂಕು’ ಎಂಬುದು ಆ ಶಸ್ತ್ರಗಳಲ್ಲಿ ಒಂದು. ಒಂದೊಂದು ಕೆಲಸಕ್ಕೆ ಒಂದೊಂದು ಆಕಾರದ ಸಾಧನ ಬೇಕೆಂಬ ತತ್ತ್ವವನ್ನು ನಮ್ಮ ಹಿರಿಯರು ಅಂದೇ ಕಂಡುಕೊಂಡಿದ್ದರು. ಯುರೋಪಿನಲ್ಲಿ ಇದೇ ತತ್ತ್ವವನ್ನು ಇಂಗ್ಲೆಂಡಿನ ಜಾನ್ ಟೋಮ್ಸ್ 1841ರ ಸುಮಾರಿಗೆ ಕಾರ್ಯರೂಪಕ್ಕೆ ತಂದರು. ಪ್ರತಿಯೊಂದು ಹಲ್ಲಿನ ಕತ್ತಿನ ಆಕಾರಕ್ಕೆ ಸರಿಯಾಗಿ ಹೊಂದುವ ಇಕ್ಕಳಗಳನ್ನು ಅವರು ಮಾಡಿಸಿದರು. ಆದರೆ ಇಕ್ಕಳಕ್ಕೆ ಸಿಗುವುದು ಹೊರಗೆ ಕಾಣುವ ಹಲ್ಲು ಮಾತ್ರ. ಹೂತುಕೊಂಡ ಹಲ್ಲಿಗೆ ಬೇರೆಯೇ ಸಾಧನಗಳು ಬೇಕು.

ಮೊದಲ ಆಯ್ಕೆ: ತೆಗೆಯಬೇಕೆ, ಬೇಡವೆ?

ಉಪಕರಣವನ್ನು ಆರಿಸುವ ಮೊದಲು ವೈದ್ಯನು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹೂತಿರುವ ಹಲ್ಲುಗಳನ್ನೆಲ್ಲ ತೆಗೆದುಹಾಕಬೇಕೆಂಬ ಅಭಿಪ್ರಾಯ ಹಿಂದೆ ಪ್ರಬಲವಾಗಿತ್ತು. ಬ್ರಿಟನ್ನಿನ ಆರೋಗ್ಯ ಸಂಸ್ಥೆಯು 2000ದಲ್ಲಿ ನೀಡಿದ ಮಾರ್ಗಸೂಚಿಯು, ರೋಗವಿಲ್ಲದ ಹೂತ ಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ತೆಗೆಯಬಾರದೆಂದು ಹೇಳಿತು. ಪದೇ ಪದೇ ಬಾವು ಬರುವುದು, ಹಲ್ಲು ಹುಳುಕಾಗುವುದು, ಪಕ್ಕದ ಹಲ್ಲು ಕೆಡುವುದು, ಸುತ್ತಲೂ ನೀರುಗುಳ್ಳೆಯಂತಹ ಚೀಲ ಬೆಳೆಯುವುದು, ಇಂತಹ ಕಾರಣಗಳಿದ್ದಾಗ ಮಾತ್ರ ಶಸ್ತ್ರಕ್ರಿಯೆ ಯೋಗ್ಯವಾದುದು.

ತೆಗೆಯಬೇಕೆಂದು ನಿಶ್ಚಯವಾದ ಮೇಲೆ ಕ್ಷಕಿರಣ ಚಿತ್ರವೇ ಮೊದಲನೆಯ ಉಪಕರಣ. ಹಲ್ಲು ಯಾವ ಕಡೆಗೆ ವಾಲಿದೆ ಎಂಬುದನ್ನು ನೋಡಿ ವರ್ಗೀಕರಿಸುವ ಕ್ರಮವನ್ನು ಅಮೆರಿಕದ ಜಾರ್ಜ್ ವಿಂಟರ್ 1926ರಲ್ಲಿ ತೋರಿಸಿಕೊಟ್ಟರು: ಮುಂದಕ್ಕೆ ವಾಲಿದ್ದು, ಹಿಂದಕ್ಕೆ ವಾಲಿದ್ದು, ನೆಟ್ಟಗಿರುವುದು, ಅಡ್ಡ ಮಲಗಿರುವುದು. 1933ರಲ್ಲಿ ಪೆಲ್ ಮತ್ತು ಗ್ರೆಗರಿ ಎಂಬುವರು ಹಲ್ಲು ಎಷ್ಟು ಆಳದಲ್ಲಿದೆ, ಅದರ ಹಿಂದೆ ಎಷ್ಟು ಸ್ಥಳವಿದೆ ಎಂಬ ಅಳತೆಗಳನ್ನು ಸೇರಿಸಿದರು. ಕೆಳದವಡೆಯಲ್ಲಿ ಮುಂದಕ್ಕೆ ವಾಲಿದ ಹಲ್ಲು ಸಾಮಾನ್ಯವಾಗಿ ಸುಲಭ. ಹಿಂದಕ್ಕೆ ವಾಲಿದ್ದು ಕಠಿಣ, ಏಕೆಂದರೆ ಅದು ಹೊರಬರಬೇಕಾದ ದಾರಿಯಲ್ಲಿ ದವಡೆಯ ಎಲುಬೇ ಅಡ್ಡ ನಿಂತಿರುತ್ತದೆ. ಇದಲ್ಲದೆ ಕೆಳದುಟಿಗೆ ಸ್ಪರ್ಶಜ್ಞಾನ ನೀಡುವ ನರವು ಬೇರುಗಳ ಕೆಳಗೇ ಹಾದುಹೋಗುತ್ತದೆ. ಚಿತ್ರದಲ್ಲಿ ಆ ನರದ ನಾಳದ ಬಿಳಿಗೆರೆ ಕಡಿದುಹೋಗಿದ್ದರೆ, ಅಥವಾ ಬೇರು ಆ ಭಾಗದಲ್ಲಿ ಕಪ್ಪಾಗಿ ಕಂಡರೆ, ನರವು ಬೇರಿಗೆ ತಾಗಿಕೊಂಡಿರಬಹುದೆಂದು ತಿಳಿಯಬೇಕು. ಈ ಎಲ್ಲ ಸಂಗತಿಗಳನ್ನು ಓದಿಕೊಂಡ ಬಳಿಕವೇ ತಟ್ಟೆಯಲ್ಲಿ ಯಾವ ಸಾಧನವಿರಬೇಕೆಂಬುದು ತೀರ್ಮಾನವಾಗುತ್ತದೆ.

ಕ್ರಮವಾಗಿ ಬೇಕಾಗುವ ಸಾಧನಗಳು

ಶಸ್ತ್ರಕ್ರಿಯೆಯು ಯಾವ ಕ್ರಮದಲ್ಲಿ ಸಾಗುತ್ತದೆಯೋ ಅದೇ ಕ್ರಮದಲ್ಲಿ ಉಪಕರಣಗಳನ್ನು ಜೋಡಿಸಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ.

ಮೊದಲು ಮರಗಟ್ಟಿಸುವ ಮದ್ದು. ಶೇಕಡಾ 2ರ ಲಿಗ್ನೋಕೇನ್ ದ್ರಾವಣಕ್ಕೆ ಅತ್ಯಲ್ಪ ಪ್ರಮಾಣದ ಅಡ್ರಿನಲಿನ್ ಸೇರಿಸಿ ಕೊಡುವುದು ರೂಢಿ. ಸೂಜಿಯು ಉದ್ದವಾಗಿರಬೇಕು; ಮದ್ದನ್ನು ಬಿಡುವ ಮೊದಲು ಸೂಜಿಯ ತುದಿ ರಕ್ತನಾಳದಲ್ಲಿಲ್ಲವೆಂಬುದನ್ನು ಹಿಂದಕ್ಕೆಳೆದು ಪರೀಕ್ಷಿಸಲು ಬರುವಂತಹ ಪಿಚಕಾರಿಯಾಗಿರಬೇಕು.

ಎರಡನೆಯದು ಒಸಡನ್ನು ಕೊಯ್ಯುವ ಅಲಗು. ಮೂರನೆಯ ಸಂಖ್ಯೆಯ ಹಿಡಿಗೆ ಹದಿನೈದನೆಯ ಸಂಖ್ಯೆಯ ಅಲಗನ್ನು ಜೋಡಿಸುತ್ತಾರೆ. ಕೊಯ್ತವು ಒಂದೇ ಬಾರಿಗೆ ಎಲುಬಿನವರೆಗೆ ಇಳಿಯಬೇಕಾದುದರಿಂದ ಪ್ರತಿ ರೋಗಿಗೂ ಹೊಸ ಅಲಗು ಅವಶ್ಯ. ಎಲುಬಿನ ಮೇಲಿನ ಪೊರೆಯನ್ನು ಎಬ್ಬಿಸಲು ಮೋಲ್ಟ್ ಅಥವಾ ಹೊವರ್ತ್ ಎಂಬ ಹೆಸರಿನ ಚಪ್ಪಟೆ ಸಾಧನವೂ, ಎಬ್ಬಿಸಿದ ಒಸಡನ್ನೂ ಕೆನ್ನೆಯನ್ನೂ ಹಿಂದಕ್ಕೆ ಹಿಡಿಯಲು ಆಸ್ಟಿನ್ ಅಥವಾ ಮಿನ್ನೆಸೋಟ ಎಂಬ ಹೆಸರಿನ ಹಿಡಿಕೆಯೂ ಬೇಕು. ನೋಡಲು ಇವು ಸಾಮಾನ್ಯ ಸಾಧನಗಳು. ಆದರೆ ವೈದ್ಯನಿಗೆ ಜಾಗ ಕಾಣುವಂತೆ ಮಾಡುವುದೂ, ನಾಲಿಗೆಯ ನರವನ್ನು ಅಲಗಿನಿಂದ ದೂರವಿರಿಸುವುದೂ ಇವುಗಳೇ.

ಮೂರನೆಯದು ಎಲುಬನ್ನು ತೆಗೆಯುವ ಸಾಧನ. ಇಲ್ಲಿ ಎರಡು ಮಾರ್ಗಗಳಿವೆ. ಒಂದು ಉಳಿ ಮತ್ತು ಕೊಡತಿ. ಶಹಾಪುರದ ಗುಡ್ಡಗಳಲ್ಲಿ ಕಲ್ಲು ಒಡೆಯುವವರು ಬಂಡೆಯ ಎಳೆಯನ್ನು ನೋಡಿ ಉಳಿಯನ್ನಿಡುವುದನ್ನು ಕಂಡವರಿಗೆ ಈ ಮಾರ್ಗದ ಮರ್ಮ ಬೇಗ ತಿಳಿಯುತ್ತದೆ, ಎಲುಬಿಗೂ ಎಳೆಯುಂಟು. ಕೆಲ್ಸಿ ಫ್ರೈ ಅವರು ಬಳಕೆಗೆ ತಂದು ವಾರ್ಡ್ ಅವರು 1956ರಲ್ಲಿ ವಿವರಿಸಿದ, ನಾಲಿಗೆಯ ಕಡೆಯ ಎಲುಬಿನ ಹಾಳೆಯನ್ನು ಸೀಳುವ ಕ್ರಮವು ಇದನ್ನೇ ಅವಲಂಬಿಸಿದೆ. ಇದು ಬೇಗ ಮುಗಿಯುತ್ತದೆ, ಎಲುಬು ಕಾಯುವುದಿಲ್ಲ. ಆದರೆ ಎಚ್ಚರದಲ್ಲಿರುವ ರೋಗಿಗೆ ಕೊಡತಿಯ ಪೆಟ್ಟು ಭಯವನ್ನುಂಟುಮಾಡುತ್ತದೆ. ವಯಸ್ಸಾದವರ ಪೆಡಸಾದ ಎಲುಬು ಅಡ್ಡಾದಿಡ್ಡಿ ಸೀಳಬಹುದು. ನಾಲಿಗೆಯ ನರಕ್ಕೂ ಅಪಾಯವುಂಟು. ಆದುದರಿಂದ ಪೂರ್ಣ ಅರಿವಳಿಕೆಯ ಸೌಲಭ್ಯವೂ ವಿಶೇಷ ಅಭ್ಯಾಸವೂ ಇರುವವರಿಗೆ ಮಾತ್ರ ಇದು ತಕ್ಕುದು.

ಎರಡನೆಯ ಮಾರ್ಗ ತಿರುಗುವ ಬರ್. ಸಣ್ಣ ಊರಿನ ಚಿಕಿತ್ಸಾಲಯಕ್ಕೆ ಇದೇ ಯೋಗ್ಯ. ನಿಮಿಷಕ್ಕೆ ಸುಮಾರು 35,000ದಿಂದ 40,000 ಸುತ್ತು ತಿರುಗುವ ಮೈಕ್ರೋಮೋಟರಿಗೆ ನೇರ ಹಿಡಿಯನ್ನು ಜೋಡಿಸಿ, ಗುಂಡು ಬರ್‌ನಿಂದ ಎಲುಬನ್ನು ಸರಿಸಿ, ಟಂಗ್‌ಸ್ಟನ್ ಕಾರ್ಬೈಡಿನ ನೀಳವಾದ ಬರ್‌ನಿಂದ ಹಲ್ಲನ್ನು ತುಂಡು ಮಾಡುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳು ಮುಖ್ಯ. ಮೊದಲನೆಯದು ಶಾಖ. ಎಲುಬು 47 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ನಿಮಿಷವಿದ್ದರೆ ಹಾನಿಗೊಳ್ಳುತ್ತದೆಂದು 1983ರಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಪ್ರಯೋಗದಿಂದ ತೋರಿಸಿದರು. ಆದುದರಿಂದ ಬರ್ ತಿರುಗುವಷ್ಟು ಹೊತ್ತೂ ಶುದ್ಧವಾದ ಲವಣಜಲ ಹರಿಯುತ್ತಿರಬೇಕು. ಮೊಂಡಾದ ಬರ್ ಅನ್ನು ಎಸೆಯಬೇಕು. ಎರಡನೆಯದು ಗಾಳಿ. ಹುಳುಕು ತುಂಬಲು ಬಳಸುವ ಸಾಮಾನ್ಯ ಏರೋಟರ್ ತನ್ನ ಗಾಳಿಯನ್ನು ಮುಂಭಾಗದಲ್ಲಿ ಬಿಡುತ್ತದೆ. ಕೊಯ್ದ ಒಸಡಿನಡಿ ಆ ಗಾಳಿ ನುಗ್ಗಿದರೆ ಕೆನ್ನೆ, ಕತ್ತು ಊದಿ, ಎದೆಯವರೆಗೂ ಇಳಿಯಬಹುದು. ಚಿಕಿತ್ಸಾಲಯದಲ್ಲಿ ಹೇಗೂ ಇದೆಯೆಂದು ಅದನ್ನೇ ಬಳಸುವುದು ಮಿತವ್ಯಯವಲ್ಲ, ಅಪಾಯ. ಶ್ರವಣಾತೀತ ಕಂಪನದಿಂದ ಎಲುಬನ್ನು ಮಾತ್ರ ಕತ್ತರಿಸಿ ಮೃದುಭಾಗವನ್ನು ಬಹುಮಟ್ಟಿಗೆ ಉಳಿಸುವ ಪಿಯೆಜೋ ಯಂತ್ರವೂ ಈಗ ಬಂದಿದೆ. ಬೆಲೆ ಹೆಚ್ಚು, ಕೆಲಸ ನಿಧಾನ.

ಸನ್ನೆ, ಬೆಣೆ, ಚಕ್ರ

ನಾಲ್ಕನೆಯದಾದ ಎಲಿವೇಟರ್ ಎಂಬ ಸನ್ನೆಗೋಲು ಈ ಶಸ್ತ್ರಕ್ರಿಯೆಯ ಹೃದಯ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಓದುವ ಸರಳ ಯಂತ್ರಗಳ ಪಾಠವೇ ಇಲ್ಲಿ ಬಾಯೊಳಗೆ ನಡೆಯುತ್ತದೆ. ಹಾರೆಯಿಂದ ಬಂಡೆಯನ್ನು ಮೀಟುವಂತೆ ಹಲ್ಲನ್ನು ಮೀಟಿದರೆ ಅದು ಸನ್ನೆ. ಕಟ್ಟಿಗೆ ಸೀಳಲು ಬೆಣೆ ಹೊಡೆಯುವಂತೆ ಹಲ್ಲಿಗೂ ಎಲುಬಿಗೂ ನಡುವೆ ತೂರಿಸಿದರೆ ಅದು ಬೆಣೆ. ತಿರುಪುಳಿಯಂತೆ ಹಿಡಿಯನ್ನು ತಿರುಗಿಸಿದರೆ ಅದು ಚಕ್ರ ಮತ್ತು ಅಚ್ಚು. ದಂತವೈದ್ಯದ ಪಠ್ಯಗ್ರಂಥಗಳು ಇವುಗಳಿಂದ ದೊರೆಯುವ ಯಾಂತ್ರಿಕ ಲಾಭವನ್ನು ಬೆಣೆಗೆ 2.5, ಸನ್ನೆಗೆ 3, ಚಕ್ರಕ್ಕೆ 4.6 ಎಂದು ಲೆಕ್ಕ ಹಾಕುತ್ತವೆ. ಬಲ ಹೆಚ್ಚಿದಷ್ಟೂ ಅಪಾಯವೂ ಹೆಚ್ಚು.

ಕೂಪ್‌ಲ್ಯಾಂಡ್ ಎಂಬುದು ನೇರವಾದ ಸಾಧನ. ಒಂದು, ಎರಡು, ಮೂರು ಎಂಬ ಏರುವ ಅಗಲದಲ್ಲಿ ದೊರೆಯುತ್ತದೆ. ಮೊದಲ ಸಡಿಲಿಕೆಗೆ ಉತ್ತಮ. ವಾರ್ವಿಕ್ ಜೇಮ್ಸ್ ಸಣ್ಣದು. ನೇರ, ಎಡ, ಬಲ ಎಂದು ಮೂರರ ಜೋಡಣೆ. ಮೇಲ್ದವಡೆಯ ಬುದ್ಧಿಹಲ್ಲಿಗೂ ಚಿಕ್ಕ ಬೇರುಗಳಿಗೂ ಹೊಂದುತ್ತದೆ. ಕ್ರೈಯರ್ ತ್ರಿಕೋನ ತುದಿಯದು. ಎಡ ಬಲಗಳ ಜೋಡಿಯಾಗಿಯೇ ಕೊಳ್ಳಬೇಕು. ಒಂದು ಬೇರು ಬಂದು ಇನ್ನೊಂದು ಉಳಿದಾಗ ಖಾಲಿ ಗುಳಿಯಿಂದ ಪಕ್ಕದ ಬೇರನ್ನು ಎಬ್ಬಿಸಲು ಅದು ನೆರವಾಗುತ್ತದೆ. ಅಡ್ಡಹಿಡಿಯ ವಿಂಟರ್ ಸಾಧನ ಬಹು ಬಲಶಾಲಿ. ಅನುಭವವಿಲ್ಲದ ಕೈಯಲ್ಲಿ ದವಡೆಯನ್ನೇ ಮುರಿಯಬಲ್ಲುದು. ಹೊಸದಾಗಿ ವೃತ್ತಿಗಿಳಿದವರು ಇದನ್ನು ಕೊಳ್ಳದಿರುವುದೇ ಲೇಸು. ಹಲ್ಲು ಬರುತ್ತಿಲ್ಲವೆಂದರೆ ಇನ್ನಷ್ಟು ಬಲ ಬೇಕೆಂದು ಅರ್ಥವಲ್ಲ. ಇನ್ನಷ್ಟು ಎಲುಬನ್ನು ಸರಿಸಬೇಕು ಅಥವಾ ಹಲ್ಲನ್ನು ಇನ್ನೊಂದು ತುಂಡು ಮಾಡಬೇಕು ಎಂದು ಅರ್ಥ. ಪಕ್ಕದ ಹಲ್ಲನ್ನು ಎಂದಿಗೂ ಆನಿಕೆಯಾಗಿ ಬಳಸಬಾರದು, ಎಲುಬೇ ಆನಿಕೆಯಾಗಬೇಕು.

ಕೊನೆಯಲ್ಲಿ ಗುಳಿಯನ್ನು ಕೆರೆದು ಶುಚಿಮಾಡುವ ಕ್ಯೂರೆಟ್, ಎಲುಬಿನ ಚೂಪನ್ನು ಸಮಮಾಡುವ ಅರ, ಸೂಜಿಹಿಡಿ, ಚಿಮ್ಮಟ, ಕತ್ತರಿ ಮತ್ತು 3-0 ಅಳತೆಯ ರೇಷ್ಮೆ ದಾರ. ರಕ್ತವನ್ನೂ ನೀರನ್ನೂ ಹೀರುವ ಸಕ್ಷನ್ ಯಂತ್ರವಿಲ್ಲದೆ ಇವೆಲ್ಲ ಇದ್ದರೂ ಇಲ್ಲದಂತೆ.

ಕೊಳ್ಳುವಾಗ ನೋಡಬೇಕಾದುದು

ಹೊಳಪು ಗುಣದ ಗುರುತಲ್ಲ. ಅಲಗುಳ್ಳ ಸಾಧನಗಳಿಗೆ ಹದ ಕೊಟ್ಟು ಗಡುಸು ಮಾಡಿದ ಉಕ್ಕು ಬೇಕು. ಮೆದು ಉಕ್ಕಿನ ಎಲಿವೇಟರಿನ ತುದಿ ಕೆಲವೇ ಬಳಕೆಯಲ್ಲಿ ಬಾಗುತ್ತದೆ, ಅತಿ ಗಡುಸಾದುದು ಬಾಯೊಳಗೇ ಮುರಿಯುತ್ತದೆ. ಹಿಡಿ ಕೈತುಂಬ ಕೂರಬೇಕು, ಒದ್ದೆಯಲ್ಲೂ ಜಾರಬಾರದು. ಸಂದುಗಳಲ್ಲಿ ರಕ್ತ ನಿಲ್ಲುವಂತಿರಬಾರದು. ಆವಿಯಲ್ಲಿ ಹಲವು ಸಲ ಬೇಯಿಸಿದರೂ ತುಕ್ಕು ಹಿಡಿಯಬಾರದು. ನೀರಿನಲ್ಲಿ ಕುದಿಸಿದ ಮಾತ್ರಕ್ಕೆ ಬೀಜಾಣುಗಳು ಸಾಯುವುದಿಲ್ಲ; ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ, ಅಥವಾ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇಡಲೇಬೇಕು. ಆದುದರಿಂದ ಇಪ್ಪತ್ತು ಬಗೆಯ ಎಲಿವೇಟರುಗಳ ಒಂದು ಪೆಟ್ಟಿಗೆಗಿಂತ, ಅವಶ್ಯವಾದ ಆರೇಳು ಸಾಧನಗಳ ಮೂರು ಜೊತೆಗಳು ಹೆಚ್ಚು ಪ್ರಯೋಜನಕಾರಿ. ಒಂದು ಬಳಕೆಯಲ್ಲಿದ್ದಾಗ ಒಂದು ಶುದ್ಧಿಯಲ್ಲಿರುತ್ತದೆ, ಇನ್ನೊಂದು ಸಿದ್ಧವಾಗಿರುತ್ತದೆ.

ನಮ್ಮ ಸೀಮೆಯ ವಿಶೇಷ

2010ರಲ್ಲಿ ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ರೂಪುಗೊಂಡಾಗ ಯಾದಗಿರಿ, ಶಹಾಪುರ, ಸುರಪುರಗಳೇ ಅದರ ಮೂರು ತಾಲೂಕುಗಳಾಗಿದ್ದವು. ಈ ಸೀಮೆಯಲ್ಲಿ ವೈದ್ಯನು ಗಮನಿಸಬೇಕಾದ ಕೆಲವು ಸಂಗತಿಗಳುಂಟು. ಮೊದಲನೆಯದು ಗುಟಕಾ ಮತ್ತು ಅಡಿಕೆ. ಕರ್ನಾಟಕದಲ್ಲಿ ಗುಟಕಾ ಮಾರಾಟವನ್ನು 2013ರಲ್ಲಿ ನಿಷೇಧಿಸಲಾಯಿತಾದರೂ ಜಗಿಯುವ ಚಟ ನಿಂತಿಲ್ಲ. ಬಹುಕಾಲ ಅಡಿಕೆ ಜಗಿದವರ ಕೆನ್ನೆಯ ಒಳಪದರು ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಎರಡು ಬೆರಳೂ ಹೋಗದ ಬಾಯಿಯಲ್ಲಿ ಉದ್ದ ಹಿಡಿಯ ಬರ್ ಆಡುವುದಿಲ್ಲ. ಅಂತಹವರಿಗೆ ಸಣ್ಣ ತಲೆಯ ಬಾಗಿದ ಹಿಡಿ ಬೇಕು, ಇಲ್ಲವೆ ದೊಡ್ಡ ಆಸ್ಪತ್ರೆ ಬೇಕು. ಎರಡನೆಯದು ನೀರಿನ ಫ್ಲೋರೈಡ್. ಹಲವು ಹಳ್ಳಿಗಳಲ್ಲಿ ಕಂದುಗೆರೆಯ ಹಲ್ಲುಗಳು ಅಪರೂಪವಲ್ಲ. ಅಂತಹ ಹಲ್ಲಿನ ಮೇಲ್ಪದರು ಪೆಡಸಾಗಿ ಸಿಡಿಯಬಹುದಾದುದರಿಂದ ಎಲಿವೇಟರು ಪಕ್ಕದ ಹಲ್ಲಿಗೆ ತಾಗದಂತೆ ಇಮ್ಮಡಿ ಜಾಗ್ರತೆ ಅವಶ್ಯ. ಮೂರನೆಯದು ಕೈಕೊಡುವ ವಿದ್ಯುತ್ತು. ಅರ್ಧ ಎಲುಬು ತೆಗೆದಾಗ ಮೋಟರು ನಿಂತರೆ ರೋಗಿಯ ಗತಿಯೇನು? ಬ್ಯಾಟರಿಯ ಆಸರೆಯಿಲ್ಲದೆ ಈ ಶಸ್ತ್ರಕ್ರಿಯೆಗೆ ಕೈಹಾಕಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು, ಅದು ತಡ. ಕೃಷ್ಣೆಯ ಕಾಲುವೆಯ ಭತ್ತವೋ, ಹತ್ತಿಯ ಬಿಡಿಕೆಯೋ, ತೊಗರಿಯ ರಾಶಿಯೋ ಮುಗಿಯಲೆಂದು ನೋವನ್ನು ಲವಂಗ, ಗುಳಿಗೆಗಳಿಂದ ತಡೆಹಿಡಿದುಕೊಂಡು ಬರುವವರು ನಮ್ಮಲ್ಲಿ ಬಹಳ. ಕೆಳದವಡೆಯ ಬುದ್ಧಿಹಲ್ಲಿನ ಕೀವು ನಾಲಿಗೆಯಡಿಗೂ ಕತ್ತಿಗೂ ಇಳಿದು ಉಸಿರಿನ ದಾರಿಯನ್ನೇ ಮುಚ್ಚಬಹುದು. ಜರ್ಮನಿಯ ಲುಡ್ವಿಗ್ 1836ರಲ್ಲಿ ವರ್ಣಿಸಿದ ಈ ಮಾರಕ ಸ್ಥಿತಿ ಇಂದಿಗೂ ಪ್ರಾಣ ತೆಗೆಯಬಲ್ಲುದು. ಬಾಯಿ ತೆರೆಯಲಾಗದಿರುವುದು, ಜ್ವರ, ನುಂಗಲು ಕಷ್ಟ, ಗಲ್ಲದ ಕೆಳಗೆ ಗಟ್ಟಿ ಊತ, ಇವು ಕಂಡ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು, ರಾಶಿಗಾಗಿ ಕಾಯತಕ್ಕದ್ದಲ್ಲ.

ಹಲ್ಲು ಆಳದಲ್ಲಿದ್ದು ನರಕ್ಕೆ ತಾಗಿದ್ದರೆ, ಬಾಯಿ ತೆರೆಯದಿದ್ದರೆ, ರೋಗಿಗೆ ಹೃದ್ರೋಗವೋ ಹತೋಟಿಯಲ್ಲಿಲ್ಲದ ಸಕ್ಕರೆ ರೋಗವೋ ಇದ್ದರೆ, ಕಲಬುರಗಿ ಅಥವಾ ರಾಯಚೂರಿನ ದಂತವೈದ್ಯಕೀಯ ಮಹಾವಿದ್ಯಾಲಯಗಳಿಗೆ ಕಳುಹಿಸುವುದು ವೈದ್ಯನ ಸೋಲಲ್ಲ. ತನ್ನ ತಟ್ಟೆಯಲ್ಲಿ ಏನಿಲ್ಲವೆಂಬುದನ್ನು ತಿಳಿದಿರುವುದೂ ಉಪಕರಣಗಳ ಆಯ್ಕೆಯ ಒಂದು ಭಾಗವೇ. ರೋಗಿಯೂ ತನ್ನ ಕ್ಷಕಿರಣ ಚಿತ್ರವನ್ನು ಕೇಳಿ ಪಡೆದುಕೊಂಡು, ಹಲ್ಲು ಹೇಗಿದೆ, ತೆಗೆಯುವುದು ಏಕೆ, ತುಟಿ ಮರಗಟ್ಟುವ ಸಂಭವವುಂಟೆ ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಶಸ್ತ್ರಕ್ರಿಯೆಯ ನಂತರ ಕೆಲವು ದಿನ ಬೀಡಿ, ತಂಬಾಕುಗಳನ್ನು ಮುಟ್ಟಬಾರದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಬಿದ್ದರೆ ಮೂರು ನಾಲ್ಕು ದಿನಗಳ ಮೇಲೆ ಮೊದಲಿಗಿಂತ ಹೆಚ್ಚಿನ ನೋವು ಆರಂಭವಾಗುತ್ತದೆ.

ಇಂದು ಈ ಶಾಲೆಯಲ್ಲಿ ಸನ್ನೆ, ಬೆಣೆಗಳ ಪಾಠ ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ನಾಳೆ ದಂತವೈದ್ಯರಾಗಿ ಈ ಮೂರು ತಾಲೂಕುಗಳಿಗೇ ಮರಳಿ ಬಂದರೆ, ಒಂದು ಹಲ್ಲಿನ ಸಲುವಾಗಿ ನಮ್ಮ ರೈತನು ಕೂಲಿಯನ್ನೂ ದಿನಗಳನ್ನೂ ಕಳೆದುಕೊಂಡು ದೂರದ ಊರಿಗೆ ಅಲೆಯುವುದು ತಪ್ಪುತ್ತದೆ. ಆ ದಿನ ಬೇಗ ಬರಲೆಂದು ಹಾರೈಸುತ್ತೇನೆ.